ಸೀಟು ಯಾರಿಗೆ, ಯಾವ ಲೆಕ್ಕದಲ್ಲಿ? – ಓದುಗರ ಪ್ರಶ್ನೋತ್ತರ

ಪಿಯುಸಿ ಮತ್ತು ಸಿಇಟಿ ಫಲಿತಾಂಶಗಳು ಹೊರಬಿದ್ದ ಮೇಲೆ ಕೊಡಗಿನ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಲೇಜು ಪ್ರವೇಶವನ್ನೇ ಕುರಿತವು. ಹಲವರು ಒಂದೇ ಸಂಗತಿಯನ್ನು ಕೇಳಿರುವುದರಿಂದ ಅಂಥ ಪತ್ರಗಳನ್ನು ಒಟ್ಟುಗೂಡಿಸಿ, ಬರೆದವರ ಹೆಸರನ್ನು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡು, ಈ ಸಂಚಿಕೆಯನ್ನು ಪೂರ್ತಿಯಾಗಿ ಅವುಗಳ ಉತ್ತರಕ್ಕೆ ಮೀಸಲಿಡಲಾಗಿದೆ.

ಪ್ರಶ್ನೆ: ನನ್ನ ಮಗಳಿಗೆ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತ ಸೇರಿ 300ಕ್ಕೆ 282 ಅಂಕ ಬಂದಿದೆ, ಸಿಇಟಿಯಲ್ಲಿ 180ಕ್ಕೆ 96. ಅವಳ ತರಗತಿಯ ಹುಡುಗನಿಗೆ ಪಿಯುಸಿಯಲ್ಲಿ 246, ಸಿಇಟಿಯಲ್ಲಿ 120. ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅವನೇ ಮುಂದೆ. ಎರಡಕ್ಕೂ ಅರ್ಧರ್ಧ ಎಂದ ಮೇಲೆ, 36 ಅಂಕಗಳ ಮುನ್ನಡೆಯನ್ನು 24 ಅಂಕಗಳು ನುಂಗಿದ್ದು ಹೇಗೆ? – ಗೋಣಿಕೊಪ್ಪಲು

ಉತ್ತರ: ಲೆಕ್ಕದಲ್ಲಿ ತಪ್ಪಾಗಿಲ್ಲ. ಅರ್ಧರ್ಧ ಎಂಬುದು ಅಂಕಗಳಿಗಲ್ಲ, ಶೇಕಡಾವಾರಿಗೆ ಅನ್ವಯಿಸುತ್ತದೆ. ನಿಮ್ಮ ಮಗಳದು ಪಿಯುಸಿಯಲ್ಲಿ ಶೇ 94, ಸಿಇಟಿಯಲ್ಲಿ ಶೇ 53.33, ಸರಾಸರಿ 73.67. ಆ ಹುಡುಗನದು ಶೇ 82 ಮತ್ತು ಶೇ 66.67, ಸರಾಸರಿ 74.33. ಪಿಯುಸಿಯ ಒಟ್ಟು ಅಂಕ 300 ಮತ್ತು ಸಿಇಟಿಯದು 180 ಆಗಿರುವುದರಿಂದ, ಸಿಇಟಿಯ ಒಂದೊಂದು ಅಂಕವೂ ಪಿಯುಸಿಯ ಒಂದೂವರೆ ಅಂಕಕ್ಕಿಂತ ಹೆಚ್ಚು ತೂಗುತ್ತದೆ. ಅವನಿಗೆ ಸಿಇಟಿಯಲ್ಲಿ 22 ಅಂಕ ಹೆಚ್ಚಿಗೆ ಇದ್ದಿದ್ದರೂ ಸಾಕಿತ್ತು.

ಇಷ್ಟಕ್ಕೇ ನಿಮ್ಮ ಸಂದೇಹ ಮುಗಿಯಬೇಕಾಗಿಲ್ಲ, ಏಕೆಂದರೆ ಇದರಡಿಯಲ್ಲಿ ಇನ್ನೂ ಒಂದು ಸಂಗತಿಯಿದೆ. ಎಂಜಿನಿಯರಿಂಗ್ ಬಯಸುವ ಮಕ್ಕಳ ಪಿಯುಸಿ ಅಂಕಗಳು ಸಾಮಾನ್ಯವಾಗಿ ಮೇಲ್ತುದಿಯಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ; ಸಿಇಟಿ ಅಂಕಗಳಾದರೋ ಕೆಳಗಿನಿಂದ ಮೇಲಿನವರೆಗೆ ಹರಡಿಕೊಂಡಿರುತ್ತವೆ. ಎರಡು ಅಳತೆಗಳನ್ನು ಸಮಪಾಲಿನಲ್ಲಿ ಕೂಡಿಸಿದರೂ, ಯಾವುದರಲ್ಲಿ ವ್ಯತ್ಯಾಸ ಹೆಚ್ಚೋ ಅದೇ ಕ್ರಮಾಂಕವನ್ನು ನಿರ್ಧರಿಸುತ್ತದೆ. ಕಾಗದದ ಮೇಲೆ ಅರ್ಧರ್ಧವಿದ್ದರೂ ರ‍್ಯಾಂಕ್ ಪಟ್ಟಿಯಲ್ಲಿ ಸಿಇಟಿಯದೇ ಮೇಲುಗೈ. ಇದನ್ನು ಪೋಷಕರಿಗೆ ಮೊದಲೇ ಬಿಡಿಸಿ ಹೇಳುವ ಕಾಲೇಜುಗಳು ಕಡಿಮೆ.

ಬೇರೆ ಬೇರೆ ಮಂಡಳಿಗಳ ಅಂಕಗಳನ್ನು ಹಾಗೆಯೇ ಪಕ್ಕಪಕ್ಕದಲ್ಲಿ ಇಡುವುದೂ ಪ್ರಶ್ನಿಸಬೇಕಾದ ಪದ್ಧತಿಯೇ. ಪ್ರವೇಶ ಪರೀಕ್ಷೆಯನ್ನೇ ಕೈಬಿಟ್ಟು ಹನ್ನೆರಡನೆಯ ತರಗತಿಯ ಅಂಕಗಳ ಮೇಲೆ ಎಂಜಿನಿಯರಿಂಗ್ ಸೀಟು ಹಂಚುವ ತಮಿಳುನಾಡಿನಲ್ಲಿ, ಪ್ರತಿ ಮಂಡಳಿಯ ಅತಿ ಹೆಚ್ಚಿನ ಅಂಕವನ್ನು ಒಂದೇ ಮಟ್ಟಕ್ಕೆ ತಂದು ಉಳಿದವರ ಅಂಕಗಳನ್ನು ಅದಕ್ಕೆ ಅನುಗುಣವಾಗಿ ಹೊಂದಿಸುತ್ತಾರೆ. ರಾಷ್ಟ್ರಮಟ್ಟದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಾದ ಜೆಇಇ ಮೇನ್ ಕೂಡ 2013ರಿಂದ 2016ರವರೆಗೆ ಮಂಡಳಿಯ ಅಂಕಗಳಿಗೆ ಶೇ 40ರಷ್ಟು ತೂಕ ಕೊಟ್ಟು, ಆ ಬಳಿಕ ಅದನ್ನು ಕೈಬಿಟ್ಟಿತು.

ನಮ್ಮ ರಾಜ್ಯ ಈ ತೊಡಕನ್ನು ಒಮ್ಮೆ ನೇರವಾಗಿ ಎದುರಿಸಬೇಕಾಯಿತು. ಕೋವಿಡ್ ಕಾರಣದಿಂದ 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ನಡೆಯಲಿಲ್ಲ; ಎಸ್ಸೆಸ್ಸೆಲ್ಸಿಗೆ ಶೇ 45, ಪ್ರಥಮ ಪಿಯುಸಿಗೆ ಶೇ 45, ಆಂತರಿಕ ಮೌಲ್ಯಮಾಪನಕ್ಕೆ ಶೇ 10 ಎಂದು ಲೆಕ್ಕ ಹಾಕಿ ಎಲ್ಲರನ್ನೂ ತೇರ್ಗಡೆ ಮಾಡಲಾಯಿತು. ಆ ವರ್ಷದ ಸಿಇಟಿ ರ‍್ಯಾಂಕಿಗೆ ಸಿಇಟಿ ಅಂಕಗಳನ್ನಷ್ಟೇ ಪರಿಗಣಿಸಿದ್ದರಿಂದ ತಕರಾರು ಏಳಲಿಲ್ಲ. ಅದೇ ಮಕ್ಕಳಲ್ಲಿ ಹಲವರು 2022ರಲ್ಲಿ ಮತ್ತೆ ಸಿಇಟಿ ಬರೆದಾಗ, ಹೊಸಬರಿಗೆ ಪಿಯುಸಿ ಅಂಕ ಸೇರಿಸಿ, ಇವರಿಗೆ ಮಾತ್ರ ಸೇರಿಸದೆ ರ‍್ಯಾಂಕ್ ಕೊಡಲಾಯಿತು. ವಿವಾದ ಹೈಕೋರ್ಟಿಗೆ ಹೋಯಿತು. ಇವರ ಪಿಯುಸಿ ಅಂಕಗಳನ್ನೂ ಅರ್ಧಭಾಗವಾಗಿ ಸೇರಿಸಬೇಕೆಂದು ಏಕಸದಸ್ಯ ಪೀಠ ಆದೇಶಿಸಿತು. ಪರೀಕ್ಷೆ ಬರೆಯದೆ ಬಂದ ಅಂಕಗಳನ್ನು ಬರೆದು ಬಂದ ಅಂಕಗಳಿಗೆ ಸಮವೆಂದು ತೂಗಿದರೆ ಹೊಸಬರಿಗೆ ಅನ್ಯಾಯ ಎಂಬ ವಾದವೂ ಎದ್ದಿತು. ಕಡೆಗೆ ತಜ್ಞರ ಸಮಿತಿಯೊಂದು ಸೂಚಿಸಿದಂತೆ ಹಿಂದಿನ ಸಾಲಿನವರ ಪಿಯುಸಿ ಅಂಕಗಳಿಂದ ಪ್ರತಿ ವಿಷಯದಲ್ಲಿ ಸರಾಸರಿ 6 ಅಂಕ ಕಳೆದು, ಉಳಿದದ್ದನ್ನು ಪರಿಗಣಿಸುವ ಸೂತ್ರಕ್ಕೆ ವಿಭಾಗೀಯ ಪೀಠ ಸೆಪ್ಟೆಂಬರಿನಲ್ಲಿ ಒಪ್ಪಿತು. ಮೂರು ವಿಷಯಗಳಿಂದ 18 ಅಂಕ ಕಳೆದರೆ ಅಂತಿಮ ಸರಾಸರಿಯಲ್ಲಿ 3 ಅಂಶ ಇಳಿಯುತ್ತದೆ, ಅಂದರೆ ಹೆಚ್ಚುಕಡಿಮೆ 11 ಸಿಇಟಿ ಅಂಕಗಳಿಗೆ ಸಮ.

ಆ 6 ಎಂಬ ಸಂಖ್ಯೆ ಸರಿಯೇ ತಪ್ಪೇ ಎಂಬ ಚರ್ಚೆಗಿಂತ ನನ್ನನ್ನು ಹೆಚ್ಚು ಕಾಡುವುದು ಅದು ಬಂದ ಹೊತ್ತು. ಪರೀಕ್ಷೆ ಮುಗಿದು, ಫಲಿತಾಂಶ ಬಂದು, ಯಾರಿಗೆ ಲಾಭ ಯಾರಿಗೆ ನಷ್ಟ ಎಂಬುದು ಎಲ್ಲರಿಗೂ ತಿಳಿದ ಮೇಲೆ ಅಳತೆಗೋಲನ್ನು ತಿದ್ದಬೇಕಾಗಿ ಬಂತು. ಅದೇ ಸೂತ್ರ ಅರ್ಜಿ ಕರೆಯುವ ಮೊದಲೇ ಪ್ರಕಟವಾಗಿದ್ದರೆ ಒಪ್ಪದವರೂ ಒಪ್ಪಿಕೊಂಡು ಬರೆಯುತ್ತಿದ್ದರು. 2024ರ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟಾಗಲೂ ಇದೇ ಕೊರತೆ ಕಂಡಿತು. 60 ಪ್ರಶ್ನೆಗಳಿಗೆ 80 ನಿಮಿಷವಿರುವ ಪರೀಕ್ಷೆಯಲ್ಲಿ ಅಂಥ ಪ್ರಶ್ನೆಯೊಂದಿಗೆ ಐದು ನಿಮಿಷ ಗುದ್ದಾಡಿದವಳೂ, ನೋಡಿದೊಡನೆ ಬಿಟ್ಟು ಮುಂದೆ ಹೋದವಳೂ ಆ ತೀರ್ಮಾನದ ನಂತರ ಒಂದೇ ಸಾಲಿನಲ್ಲಿ ನಿಂತರು. ಕಳೆದುಹೋದ ನಿಮಿಷಗಳನ್ನು ಹಿಂದಿರುಗಿಸುವ ಸೂತ್ರ ಯಾರಲ್ಲೂ ಇರಲಿಲ್ಲ. ಹಾಗೆಂದು ಆ ಪ್ರಶ್ನೆಗಳನ್ನು ಉಳಿಸಿಕೊಂಡಿದ್ದರೆ ಇನ್ನೂ ಹೆಚ್ಚಿನ ಅನ್ಯಾಯವಾಗುತ್ತಿತ್ತು ಎಂಬುದೂ ನಿಜ.

ಪ್ರಶ್ನೆ: 2018ರ ಆಗಸ್ಟಿನ ಭೂಕುಸಿತದಲ್ಲಿ ನಮ್ಮ ಮನೆ ಹೋಯಿತು. ಆಗ ನಾಲ್ಕನೆಯ ತರಗತಿಯಲ್ಲಿದ್ದ ಮಗ ಮಡಿಕೇರಿಯ ಸಂಬಂಧಿಕರ ಮನೆಯಲ್ಲಿದ್ದು ಎರಡು ವರ್ಷ ಪೇಟೆಯ ಶಾಲೆಯಲ್ಲಿ ಓದಿದ. ಉಳಿದ ಎಂಟು ವರ್ಷ ಹಳ್ಳಿಯಲ್ಲೇ ಕಲಿತವನು. ಈಗ ಗ್ರಾಮೀಣ ಮೀಸಲಾತಿಗೆ ಅರ್ಹನಲ್ಲ ಎನ್ನುತ್ತಾರೆ. ಇದು ನ್ಯಾಯವೇ? – ಮಾದಾಪುರ

ಉತ್ತರ: ನಿಯಮದ ಪ್ರಕಾರ ಅವರು ಹೇಳಿದ್ದು ಸರಿ. ಶೇ 15ರ ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತನೆಯ ತರಗತಿಯವರೆಗೆ ಹತ್ತೂ ವರ್ಷ ರಾಜ್ಯದ ಗ್ರಾಮೀಣ ಪ್ರದೇಶದ ಶಾಲೆಗಳಲ್ಲಿ ಓದಿರಬೇಕು. ಒಂಬತ್ತು ವರ್ಷ ಓದಿದವನಿಗೂ ಒಂದೂ ವರ್ಷ ಓದದವನಿಗೂ ಅಲ್ಲಿ ವ್ಯತ್ಯಾಸವಿಲ್ಲ.

ಇಂಥ ಗೆರೆ ಎಳೆದಂಥ ನಿಯಮಕ್ಕೆ ಒಂದು ಸಮರ್ಥನೆ ಇದೆ. ಶಾಲೆಯ ದಾಖಲೆ ನೋಡಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ನೋಡಿ, ಯಾವ ಗುಮಾಸ್ತನಾದರೂ ಒಂದೇ ಉತ್ತರ ಕೊಡಬಹುದು, ಶಿಫಾರಸಿಗೆ ಎಡೆಯಿಲ್ಲ. ಆದರೆ ಅಳೆಯಲು ಸುಲಭವಾದದ್ದೆಲ್ಲ ಅಳೆಯಬೇಕಾದದ್ದೇ ಆಗಿರುವುದಿಲ್ಲ. ಹಳ್ಳಿಯ ಶಾಲೆಯಲ್ಲಿ ಕಲಿತವರಿಗೆ ಇರುವ ಕೊರತೆಯನ್ನು ತುಂಬುವುದು ಈ ಮೀಸಲಾತಿಯ ಉದ್ದೇಶವಾಗಿರುವಾಗ, ಗುಡ್ಡ ಜರಿದು ಪರಿಹಾರ ಕೇಂದ್ರ ಸೇರಿ, ಅಲ್ಲಿಂದ ಪೇಟೆಯ ಶಾಲೆಗೆ ಹೋದ ಮಗುವನ್ನು ಪೇಟೆಯ ಅನುಕೂಲ ಪಡೆದವನೆಂದು ಎಣಿಸುವುದು ಆ ಉದ್ದೇಶಕ್ಕೇ ವಿರುದ್ಧ. ಇದಕ್ಕೆ ಪರಿಹಾರವೆಂದರೆ ಅಧಿಕಾರಿಯ ಕರುಣೆಯಲ್ಲ. ಪ್ರಕೃತಿ ವಿಕೋಪದಿಂದ ಸ್ಥಳಾಂತರಗೊಂಡ ಕುಟುಂಬದ ಮಗು ಇಷ್ಟು ವರ್ಷದವರೆಗೆ ಪೇಟೆಯಲ್ಲಿ ಓದಿದ್ದರೂ ಅರ್ಹ, ಅದಕ್ಕೆ ತಹಶೀಲ್ದಾರರ ಇಂಥ ಪ್ರಮಾಣಪತ್ರ ಬೇಕು ಎಂದು ನಿಯಮದಲ್ಲೇ ಬರೆಯುವುದು. ಕೊಡಗಿನ ಜನಪ್ರತಿನಿಧಿಗಳು ಕೇಳಬೇಕಾದದ್ದು ಒಬ್ಬೊಬ್ಬ ಹುಡುಗನಿಗೆ ರಿಯಾಯಿತಿಯನ್ನಲ್ಲ, ಆ ಒಂದು ಸಾಲನ್ನು.

ನಿಮಗೆ ಈಗಲೇ ಉಪಯೋಗಕ್ಕೆ ಬರಬಹುದಾದದ್ದು ಬೇರೆಯಿದೆ. ನಿಮ್ಮ ಮಗ ಹಳ್ಳಿಯಲ್ಲಿದ್ದಾಗಲೂ ಮಡಿಕೇರಿಯಲ್ಲಿದ್ದಾಗಲೂ ಕನ್ನಡ ಮಾಧ್ಯಮದಲ್ಲೇ ಹತ್ತು ವರ್ಷ ಓದಿದ್ದರೆ, ಶೇ 5ರ ಕನ್ನಡ ಮಾಧ್ಯಮ ಮೀಸಲಾತಿಗೆ ಊರಿನ ಹಂಗಿಲ್ಲ. ಅರ್ಜಿಯಲ್ಲಿ ಅದನ್ನು ನಮೂದಿಸಿದ್ದೀರಾ ಎಂದು ಇವತ್ತೇ ನೋಡಿಕೊಳ್ಳಿ.

ಪ್ರಶ್ನೆ: ಸಂಶೋಧನಾ ಪ್ರವೇಶದ ಸಂದರ್ಶನಕ್ಕೆ ಹೋಗಿದ್ದೆ. ಲಿಖಿತ ಪರೀಕ್ಷೆಯಲ್ಲಿ ಮುಂದಿದ್ದ ನನ್ನನ್ನು ನಾಲ್ಕು ನಿಮಿಷದಲ್ಲಿ ಕಳಿಸಿದರು. ಊರು ಯಾವುದು, ತೋಟ ಎಷ್ಟಿದೆ ಎಂದು ಕೇಳಿದ್ದೇ ಹೆಚ್ಚು. ಸಂದರ್ಶನವನ್ನೇ ರದ್ದುಪಡಿಸಬಾರದೇಕೆ? – ಕುಶಾಲನಗರ

ಉತ್ತರ: ನಿಮ್ಮ ಪ್ರಶ್ನೆಗೆ ಅರುವತ್ತು ವರ್ಷಗಳ ಇತಿಹಾಸವಿದೆ, ಮತ್ತು ಅದು ಶುರುವಾದದ್ದು ನಮ್ಮಲ್ಲೇ. ಆಗಿನ ಮೈಸೂರು ಸರ್ಕಾರ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಪ್ರವೇಶಕ್ಕೆ, ಐಚ್ಛಿಕ ವಿಷಯಗಳ ಒಟ್ಟು ಅಂಕಗಳ ಶೇ 25ರಷ್ಟನ್ನು ಸಂದರ್ಶನಕ್ಕೆ ಇಟ್ಟಿತ್ತು. ಅದನ್ನು ಪ್ರಶ್ನಿಸಿದ ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1964ರಲ್ಲಿ ಸರ್ಕಾರದ ಪರವಾಗಿ ನಿಂತಿತು. ಸಂದರ್ಶನ ದುರುಪಯೋಗವಾಗಬಹುದೆಂಬ ಕಾರಣಕ್ಕೆ ಆ ಪದ್ಧತಿಯೇ ಕೆಟ್ಟದ್ದಾಗುವುದಿಲ್ಲ ಎಂಬುದು ತೀರ್ಪಿನ ಧೋರಣೆ. ತರುವಾಯ ತಮಿಳುನಾಡಿನ ವೈದ್ಯಕೀಯ ಪ್ರವೇಶದ ಪೆರಿಯಕರುಪ್ಪನ್ ಪ್ರಕರಣದಲ್ಲಿ, ಸಂದರ್ಶನದ ಅಂಕಗಳನ್ನು ಯಾವ ಗುಣಕ್ಕೆ ಎಷ್ಟೆಂದು ಬಿಡಿಸದೆ ಒಟ್ಟಾಗಿ ಕೊಟ್ಟದ್ದನ್ನು ನ್ಯಾಯಾಲಯ ಒಪ್ಪಲಿಲ್ಲ. 1980ರ ಅಜಯ್ ಹಾಸಿಯಾ ಪ್ರಕರಣದ ವಿವರ ನಿಮ್ಮ ಅನುಭವಕ್ಕೆ ಬಹಳ ಹತ್ತಿರದ್ದು. ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನಲ್ಲಿ ಲಿಖಿತ ಪರೀಕ್ಷೆಗೆ 100, ಸಂದರ್ಶನಕ್ಕೆ 50 ಅಂಕ. ಸಂದರ್ಶನ ಎರಡು ಮೂರು ನಿಮಿಷಕ್ಕೆ ಮುಗಿಯುತ್ತಿತ್ತು, ಕೇಳಿದ ಪ್ರಶ್ನೆಗಳಿಗೂ ಯೋಗ್ಯತೆಗೂ ಸಂಬಂಧವಿರಲಿಲ್ಲ ಎಂಬುದು ವಿದ್ಯಾರ್ಥಿಗಳ ದೂರು. ಮೂರನೆಯ ಒಂದು ಭಾಗದಷ್ಟು ಅಂಕ ಸಂದರ್ಶನಕ್ಕೆ ಮೀಸಲಿಡುವುದು ಮನಸೋಇಚ್ಛೆಯ ಕ್ರಮ, ಅಂಥ ಪ್ರವೇಶಗಳಲ್ಲಿ ಶೇ 15ನ್ನು ಮೀರಬಾರದು ಎಂದು ಸಂವಿಧಾನ ಪೀಠ ಹೇಳಿತು. ಸಂದರ್ಶನಗಳನ್ನು ಧ್ವನಿಮುದ್ರಿಸಿಕೊಂಡರೆ ಒಳ್ಳೆಯದೆಂದೂ ಸೂಚಿಸಿತು. ಆ ಸೂಚನೆಯನ್ನು ಆಚರಣೆಗೆ ತಂದಿರುವ ಆಯ್ಕೆ ಸಮಿತಿಯನ್ನು ನಾನಂತೂ ಕಂಡಿಲ್ಲ.

ಆದರೆ ಆ ಶೇ 15ರ ಮಿತಿ ಶಾಲೆ ಮುಗಿಸಿ ಬರುವ ಹದಿನೆಂಟರ ಹುಡುಗರ ವಿಷಯದ್ದು. ಪಿಎಚ್‌ಡಿಗೆ ಯುಜಿಸಿಯ 2022ರ ನಿಯಮಾವಳಿ ಲಿಖಿತ ಪರೀಕ್ಷೆಗೆ ಶೇ 70, ಸಂದರ್ಶನಕ್ಕೆ ಶೇ 30 ಎಂದು ಹಂಚಿದೆ. 2024ರಿಂದ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಆಧಾರದ ಪ್ರವೇಶದಲ್ಲೂ, ಪಿಎಚ್‌ಡಿಗಷ್ಟೇ ಅರ್ಹರಾದವರಿಗೆ ಇದೇ 70–30 ಅನುಪಾತ. ಇದರಲ್ಲಿ ಅರ್ಥವಿಲ್ಲದಿಲ್ಲ. ಐದು ವರ್ಷ ಒಂದೇ ಪ್ರಶ್ನೆಯ ಬೆನ್ನು ಹತ್ತಬೇಕಾದವನಿಗೆ ಆ ಪ್ರಶ್ನೆ ನಿಜವಾಗಿ ಅವನದೇ, ಯಾರೋ ಬರೆದುಕೊಟ್ಟದ್ದೇ ಎಂಬುದನ್ನು ಆಯ್ಕೆಯ ಗುರುತು ಹಾಕುವ ಪರೀಕ್ಷೆ ಹೇಳಲಾರದು. ಬರವಣಿಗೆಯ ಆಚೆಗಿನದನ್ನು ಅಳೆಯುವ ಬೇರೆ ದಾರಿಗಳೂ ಇವೆ: ಕೃಷಿ ಮತ್ತು ಸಂಬಂಧಿತ ಪದವಿಗಳ ಕೃಷಿಕರ ಕೋಟಾದಲ್ಲಿ ಬೀಜ, ಬೆಳೆ, ಉಪಕರಣಗಳನ್ನು ಗುರುತಿಸುವ ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ. ರಾಗಿಯನ್ನೋ ತೊಗರಿಯನ್ನೋ ಕಂಡು ಹೆಸರು ಹೇಳುವಲ್ಲಿ ಪರೀಕ್ಷಕನ ಮೂಗಿನ ನೇರಕ್ಕೆ ಅಂಕ ಬೀಳುವ ಸಂಭವ ಕಡಿಮೆ.

ರೋಗ ಇರುವುದು ಅಂಕಪಟ್ಟಿಯಲ್ಲಿ. ಒಂದು ವಿಭಾಗದ ಸಂದರ್ಶನದ ಹಾಳೆಯನ್ನು ನಾನು ನೋಡಿದ್ದೇನೆ. ಎಡಕ್ಕೆ ಹೆಸರು, ಬಲಕ್ಕೆ ‘ಸಂದರ್ಶನ – 30’ ಎಂಬ ಒಂದೇ ಕಂಬ. ಅಂಕಗಳನ್ನು ಪೆನ್ಸಿಲಿನಲ್ಲಿ ಬರೆದು, ಕೆಲವನ್ನು ರಬ್ಬರಿನಿಂದ ಉಜ್ಜಿ ಮತ್ತೆ ಬರೆಯಲಾಗಿತ್ತು. ಸದಸ್ಯರ ಸಹಿಗಳು ಮಾತ್ರ ಶಾಯಿಯಲ್ಲಿ. ಅದೇ ಮೂವತ್ತನ್ನು ಸಂಶೋಧನಾ ಪ್ರಶ್ನೆಯ ಸ್ಪಷ್ಟತೆಗೆ 10, ವಿಷಯದ ಹಿಂದಿನ ಕೆಲಸಗಳ ಅರಿವಿಗೆ 10, ವಿಧಾನದ ತಿಳಿವಳಿಕೆಗೆ 10 ಎಂದು ಮೊದಲೇ ಒಡೆದು, ಸದಸ್ಯರು ಪರಸ್ಪರ ಮಾತನಾಡುವ ಮೊದಲು ತಂತಮ್ಮ ಹಾಳೆಯಲ್ಲಿ ಶಾಯಿಯಿಂದ ಬರೆದಿದ್ದರೆ, ‘ತೋಟ ಎಷ್ಟಿದೆ’ ಎಂಬ ಪ್ರಶ್ನೆಗೆ ಅಂಕ ಹಾಕಲು ಜಾಗವೇ ಇರುತ್ತಿರಲಿಲ್ಲ. ಮಾನದಂಡ ಎಷ್ಟೇ ಮೃದುವಾದದ್ದಾಗಿರಲಿ, ಅದನ್ನು ಹೀಗೆ ದಾಖಲೆಗೆ ತರುವುದು ಕಷ್ಟವಲ್ಲ. ತರಲು ಮನಸ್ಸಿಲ್ಲದಿರುವುದೇ ಹೆಚ್ಚು.

ಪ್ರಶ್ನೆ: ನಾನು ಆಶ್ರಮ ಶಾಲೆಯೊಂದರಲ್ಲಿ ಶಿಕ್ಷಕ. ಹಾಡಿಯ (ಬುಡಕಟ್ಟಿನವರ ವಸತಿಯ) ಜೇನುಕುರುಬರ ಹುಡುಗಿಯೊಬ್ಬಳು ಕಡಿಮೆ ರ‍್ಯಾಂಕಿನಲ್ಲಿ ನರ್ಸಿಂಗ್ ಸೀಟು ಪಡೆದಾಗ ‘ಪ್ರತಿಭೆಗೆ ಬೆಲೆ ಇಲ್ಲ’ ಎಂದು ಊರಿನವರು ಆಡಿಕೊಂಡರು. ಏನು ಹೇಳಲಿ? – ತಿತಿಮತಿ

ಉತ್ತರ: ಅಂಕ ಹೇಳುವುದು ಒಬ್ಬರು ಎಲ್ಲಿಗೆ ತಲುಪಿದ್ದಾರೆ ಎಂಬುದನ್ನು, ಎಲ್ಲಿಂದ ಹೊರಟಿದ್ದರು ಎಂಬುದು ಅದರಲ್ಲಿ ಕಾಣುವುದಿಲ್ಲ. ಸ್ನಾತಕೋತ್ತರ ನೀಟ್‌ನ ಹಿಂದುಳಿದ ವರ್ಗಗಳ ಮೀಸಲಾತಿಯನ್ನು ಎತ್ತಿಹಿಡಿದ 2022ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಸ್ಪರ್ಧಾ ಪರೀಕ್ಷೆಯ ಅಂಕವೊಂದೇ ಪ್ರತಿಭೆಯಲ್ಲ, ಕೆಲವು ವರ್ಗಗಳಿಗೆ ತಲೆಮಾರುಗಳಿಂದ ದೊರೆತ ಅನುಕೂಲಗಳು ಆ ಅಂಕದಲ್ಲಿ ಅಡಗಿರುತ್ತವೆ. ಕರ್ನಾಟಕದಲ್ಲಿ ವಿಶೇಷವಾಗಿ ದುರ್ಬಲವೆಂದು ಗುರುತಿಸಿರುವ ಬುಡಕಟ್ಟುಗಳು ಎರಡೇ, ಜೇನುಕುರುಬ ಮತ್ತು ಕೊರಗ. ಪರಿಶಿಷ್ಟ ಪಂಗಡದ ಮೀಸಲಾತಿಯನ್ನು ರಾಜ್ಯ ಸರ್ಕಾರ 2022ರಲ್ಲಿ ಶೇ 3ರಿಂದ 7ಕ್ಕೆ ಏರಿಸಿತಾದರೂ, ಆ ಏಳರೊಳಗೆ ಹಾಡಿಯ ಮಗು ಸ್ಪರ್ಧಿಸಬೇಕಾದದ್ದು ತನಗಿಂತ ಎಷ್ಟೋ ಮುಂದಿರುವ ಸಮುದಾಯಗಳ ಮಕ್ಕಳೊಂದಿಗೆ. ಆಡಿಕೊಂಡವರಿಗೆ ಮೀಸಲಾತಿಯ ಈ ಒಳಗಿನ ಅಸಮಾನತೆ ಗೊತ್ತಿರಲಾರದು.

ಅವರಲ್ಲಿ ಮಾಜಿ ಸೈನಿಕರಿದ್ದರೆ ಇನ್ನೊಂದು ಮಾತು ಹೇಳಿ. ಸೈನಿಕರ ಮಕ್ಕಳ ಕೋಟಾದಲ್ಲೂ ಅಂಕವೇ ಎಲ್ಲವಲ್ಲ. ಯುದ್ಧದಲ್ಲಿ ಮಡಿದವರ ಮಕ್ಕಳು ಮೊದಲು, ಯುದ್ಧದಲ್ಲಿ ಗಾಯಗೊಂಡು ಸೇವೆ ಬಿಡಬೇಕಾದವರ ಮಕ್ಕಳು ಆಮೇಲೆ ಎಂಬ ಆದ್ಯತೆಯ ಕ್ರಮವಿದೆ. ಮನೆಮನೆಯಿಂದ ಸೈನ್ಯಕ್ಕೆ ಹೋದ ಈ ಜಿಲ್ಲೆಯಲ್ಲಿ ಅದನ್ನು ಯಾರೂ ಅನ್ಯಾಯವೆಂದಿಲ್ಲ.

ಪ್ರಶ್ನೆ: ಮಗ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುತ್ತಿದ್ದಾನೆ. ಅಲ್ಲಿ ಅಂಕಕ್ಕಿಂತ ವ್ಯಕ್ತಿತ್ವಕ್ಕೆ ಬೆಲೆಯಂತೆ. ನಮ್ಮ ಪದ್ಧತಿಗಿಂತ ಅದು ಮೇಲಲ್ಲವೇ? – ಸೋಮವಾರಪೇಟೆ

ಉತ್ತರ: ಅಷ್ಟು ಸುಲಭವಾಗಿ ಒಪ್ಪಲಾರೆ. ಹಾರ್ವರ್ಡ್ ವಿಶ್ವವಿದ್ಯಾಲಯ ‘ನಡತೆ’ ‘ವ್ಯಕ್ತಿತ್ವ’ಗಳನ್ನು ಪ್ರವೇಶದಲ್ಲಿ ತೂಗತೊಡಗಿದ್ದು 1920ರ ದಶಕದಲ್ಲಿ, ಪರೀಕ್ಷೆಗಳಲ್ಲಿ ಮುಂದಿದ್ದ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಕಡಿವಾಣ ಹಾಕಬೇಕೆಂದು ಅಂದಿನ ಅಧ್ಯಕ್ಷ ಲೊವೆಲ್ ಬಯಸಿದ್ದ ಹೊತ್ತಿನಲ್ಲಿ. ಅದೇ ಸಂಸ್ಥೆಯ ವಿರುದ್ಧ ನಡೆದು 2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾದ ಮೊಕದ್ದಮೆಯಲ್ಲೂ, ಏಷ್ಯಾ ಮೂಲದ ಅಭ್ಯರ್ಥಿಗಳಿಗೆ ‘ವ್ಯಕ್ತಿತ್ವ’ದ ಅಂಕ ಸರಾಸರಿಯಲ್ಲಿ ಕಡಿಮೆ ಬಿದ್ದದ್ದು ದೊಡ್ಡ ವಾದವಾಗಿತ್ತು, ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದನ್ನೇ ಆ ತೀರ್ಪು ನಿಲ್ಲಿಸಿತು. ಇನ್ನೊಂದೆಡೆ, ಕೋವಿಡ್ ಕಾಲದಲ್ಲಿ ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಯನ್ನು ಕೈಬಿಟ್ಟಿದ್ದ ಎಂಐಟಿ 2022ರಲ್ಲಿ ಅದನ್ನು ಮತ್ತೆ ಕಡ್ಡಾಯಗೊಳಿಸಿತು. ಅನುಕೂಲವಿಲ್ಲದ ಶಾಲೆಗಳಿಂದ ಬಂದ ಸಮರ್ಥರನ್ನು ಗುರುತಿಸಲು ಅಂಕ ನೆರವಾಗುತ್ತದೆ ಎಂಬುದು ಅದು ಕೊಟ್ಟ ಕಾರಣ. ಅಲ್ಲಿಯೂ ಜಗಳ ಮುಗಿದಿಲ್ಲ. ನಿಮ್ಮ ಮಗ ಪರೀಕ್ಷೆಯ ಸಿದ್ಧತೆಯನ್ನು ಬಿಡದಿರಲಿ.

ಪ್ರಶ್ನೆ: ಅನುದಾನಿತ ಕಾಲೇಜೊಂದರಲ್ಲಿ ಸ್ನಾತಕೋತ್ತರ ಸೀಟು ನನಗೆ ಸಿಗಲಿಲ್ಲ. ‘ಪಟ್ಟಿಯಲ್ಲಿ ಹೆಸರಿಲ್ಲ’ ಎಂಬುದಷ್ಟೇ ಉತ್ತರ. ಕಾರಣ ಕೇಳುವ ಹಕ್ಕು ನನಗಿದೆಯೇ? – ನಾಪೋಕ್ಲು

ಉತ್ತರ: ಇದೆ. ಕಾಫಿ ಮಾರುವಾಗ ವ್ಯಾಪಾರಿ ಓಟಿ (ಕಾಫಿಯಿಂದ ಸಿಗುವ ಬೀಜದ ಪ್ರಮಾಣ) ನೋಡಲು ನಿಮ್ಮೆದುರಿಗೇ ಚೀಲದಿಂದ ಸ್ಯಾಂಪಲ್ ತೆಗೆಯಬೇಕು, ತೂಕದ ಮುಳ್ಳು ನಿಮಗೂ ಕಾಣಬೇಕು ಎಂದು ಪಟ್ಟು ಹಿಡಿಯುವ ನಾವು, ಮಕ್ಕಳ ಸೀಟಿನ ವಿಷಯದಲ್ಲಿ ಸೂಚನಾ ಫಲಕ ನೋಡಿ ಸುಮ್ಮನೆ ಹಿಂದಿರುಗುತ್ತೇವೆ. ಸರ್ಕಾರದ ಗಣನೀಯ ಅನುದಾನ ಪಡೆಯುವ ಸಂಸ್ಥೆಗೂ ಮಾಹಿತಿ ಹಕ್ಕು ಕಾಯ್ದೆ ಅನ್ವಯಿಸುತ್ತದೆ. ಅಭ್ಯರ್ಥಿಗೆ ತನ್ನ ಮೌಲ್ಯಮಾಪನಗೊಂಡ ಉತ್ತರಪತ್ರಿಕೆಯನ್ನು ನೋಡುವ ಹಕ್ಕಿದೆಯೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಸಿಬಿಎಸ್‌ಇಗೆ ಸಂಬಂಧಿಸಿದ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಕೇಳುವಾಗ ಆಕ್ಷೇಪದ ಧಾಟಿ ಬೇಡ. ‘ನನಗೇಕೆ ಸೀಟು ಕೊಡಲಿಲ್ಲ’ ಎಂದರೆ ಅದು ಮಾಹಿತಿಯಲ್ಲ ಎಂದು ಹಿಂದಿರುಗಿಸಿಬಿಡಬಹುದು. ಪ್ರವೇಶಕ್ಕೆ ಅನುಸರಿಸಿದ ಮಾನದಂಡದ ಪ್ರತಿ ಮತ್ತು ಅದು ಪ್ರಕಟವಾದ ದಿನಾಂಕ, ನಿಮ್ಮ ಒಟ್ಟು ಅಂಕವನ್ನು ಲೆಕ್ಕ ಹಾಕಿದ ಹಾಳೆ, ನಿಮ್ಮ ವರ್ಗದಲ್ಲಿ ಕೊನೆಯ ಸೀಟು ಪಡೆದವರ ಅಂಕ, ಖಾಲಿ ಉಳಿದ ಸೀಟುಗಳನ್ನು ಭರ್ತಿ ಮಾಡಿದ ಕ್ರಮ, ಈ ನಾಲ್ಕನ್ನು ಕೇಳಿ. ಇತರರ ಉತ್ತರಪತ್ರಿಕೆ, ಜಾತಿ ಪ್ರಮಾಣಪತ್ರಗಳನ್ನು ಕೇಳಿದರೆ ಖಾಸಗಿ ಮಾಹಿತಿಯೆಂದು ನಿರಾಕರಿಸಲು ಅವರಿಗೆ ಅವಕಾಶ ಸಿಗುತ್ತದೆ. ನನ್ನ ಅನುಭವದಲ್ಲಿ ಮೊದಲನೆಯದಕ್ಕೆ ಬರುವ ಉತ್ತರವೇ ಬಹಳಷ್ಟನ್ನು ತಿಳಿಸುತ್ತದೆ: ಮಾನದಂಡ ಪ್ರಕಟವಾದ ದಿನಾಂಕ ಅರ್ಜಿಯ ಕೊನೆಯ ದಿನಕ್ಕಿಂತ ಈಚಿನದಾಗಿದ್ದರೆ ಉಳಿದದ್ದನ್ನು ಓದುವ ಮೊದಲೇ ನಿಮ್ಮ ಮೇಲ್ಮನವಿಗೆ ಆಧಾರ ದೊರೆತಂತೆ.

ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯದ್ದಾಗಿದ್ದು 150 ಪದಗಳೊಳಗೆ ಇರಬೇಕು. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಕಕ್ಕಡ ಮಾಸದ ಜಡಿಮಳೆಯಲ್ಲಿ ಕರೆಂಟೂ ನೆಟ್‌ವರ್ಕೂ ಕೈಕೊಡುವ ಊರಿನವರು ನೀವಾದ್ದರಿಂದ ಆನ್‌ಲೈನ್ ನಂಬಿ ಕೂರದೆ, ಅಂಚೆಯಲ್ಲಿ ನೋಂದಾಯಿಸಿ ಕಳಿಸಿ ರಸೀದಿಯನ್ನು ಇಟ್ಟುಕೊಳ್ಳಿ. ಉತ್ತರಕ್ಕೆ 30 ದಿನಗಳ ಗಡುವಿದೆ. ಬಾರದಿದ್ದರೆ ಅಥವಾ ಅರೆಬರೆಯಾಗಿ ಬಂದರೆ ಅಲ್ಲಿಂದ 30 ದಿನಗಳೊಳಗೆ ಅದೇ ಸಂಸ್ಥೆಯ ಮೊದಲ ಮೇಲ್ಮನವಿ ಪ್ರಾಧಿಕಾರಿಗೆ ಬರೆಯಬೇಕು. ಅಷ್ಟರಲ್ಲಿ ತರಗತಿಗಳು ಆರಂಭವಾಗಿಬಿಡಬಹುದು. ಆದ್ದರಿಂದ ಬೇರೆ ಕಡೆ ಸಿಕ್ಕಿರುವ ಸೀಟನ್ನು ಬಿಡದೆ, ಶುಲ್ಕ ಕಟ್ಟಿ ಸೇರಿಕೊಂಡೇ ಈ ಅರ್ಜಿ ಹಾಕಿ.